ಸರ್ಟಿಫಿಕೇಟು ರಿನ್ಯೂ ಮಾಡೋರು ಯಾರು?

— ನೀನು ಈ ವಾರ ಊರಿಗೆ ಬಂದಿದ್ದು ಒಳ್ಳೇದಾಯ್ತು ನೋಡು. ಸೋಮವಾರ ಬೆಳಗ್ಗೆ ಆರು ಗಂಟೆಗೇ ಫೋನು ಶುರು. ಸೊಸೈಟಿಯ ವೆಬ್‌ಸೈಟ್ ತೆಗೆದರೆ 'ನಿಮ್ಮ ಸಂಪರ್ಕವು ಖಾಸಗಿಯಾಗಿಲ್ಲ' ಅಂತ ಕೆಂಪು ತ್ರಿಕೋನ. ಒಬ್ಬರಂತೂ ಪಾಸ್‌ಬುಕ್ ಹಿಡ್ಕೊಂಡು ಬಂದು, ಠೇವಣಿ ಈಗಲೇ ವಾಪಸ್ ಕೊಡಿ ಅಂತ ಕೌಂಟರ್ ಮುಂದೆ ನಿಂತುಬಿಟ್ರು.

— ದುಡ್ಡಿಗೇನೂ ಆಗಿಲ್ಲ ಮಾವ. ಸರ್ಟಿಫಿಕೇಟ್ ಎಕ್ಸ್‌ಪೈರ್ ಆಗಿತ್ತು, ಅಷ್ಟೇ.

— ಅಷ್ಟೇ ಅಂತ ನೀನು ಹೇಳ್ತೀಯ. ಅವರಿಗೆ ನಾನು ಹೇಗೆ ಹೇಳಲಿ? ವೆಬ್‌ಸೈಟ್ ನೋಡಿಕೊಳ್ಳೋ ಕಂಪನಿಯವನು ಮಧ್ಯಾಹ್ನ ಮೂರಕ್ಕೆ ಹೊಸದು ಹಾಕಿದ. ಜೊತೆಗೆ ಬಿಲ್ಲೂ ಕಳಿಸಿದ, 'ತುರ್ತು ಸೇವೆ' ಅಂತ.

— ಬಿಲ್ಲಿನ ವಿಷಯ ಆಮೇಲೆ ನೋಡೋಣ. ಇಲ್ಲಿ ನೋಡಿ, ನಿಮ್ಮ ಹಳೇ ಸರ್ಟಿಫಿಕೇಟ್ ಸಿಕ್ತು. ಈಗೆಲ್ಲ ಸರ್ಟಿಫಿಕೇಟ್ ಕೊಟ್ಟ ಕೂಡಲೇ ಅದು ಯಾರು ಬೇಕಾದರೂ ನೋಡಬಹುದಾದ ಒಂದು ಲಾಗ್‌ಗೆ ಸೇರುತ್ತೆ. ಸೇರದಿದ್ದರೆ ಕ್ರೋಮ್ ಅದನ್ನ ಒಪ್ಪೋದೇ ಇಲ್ಲ. 'ನಾಟ್ ಆಫ್ಟರ್' ಅಂತ ಇದೆಯಲ್ಲ, ಆ ಸಾಲು ಓದಿ. 23:59:59, ಜಿಎಂಟಿ. ನಮ್ಮ ಗಡಿಯಾರದಲ್ಲಿ ಬೆಳಗ್ಗೆ 5 ಗಂಟೆ 29 ನಿಮಿಷ 59 ಸೆಕೆಂಡ್. ಲಂಡನ್ನಿನವರು ಮಲಗಿರುವಾಗ ಮುಗಿಯೋದು ನಮ್ಮಲ್ಲಿ ಡೇರಿಗೆ ಹಾಲು ಹಾಕೋ ಹೊತ್ತಿಗೆ ಮುಗಿಯುತ್ತೆ. ನಿಮಗೆ ಆರಕ್ಕೇ ಫೋನ್ ಬಂದಿದ್ದು ಅದಕ್ಕೇ.

— ಮುಗಿಯೋದು ಯಾಕೆ ಅಂತ? ನಮ್ಮ ಅಡಿಕೆ ತೂಕದ ಯಂತ್ರಕ್ಕೆ ವರ್ಷ ವರ್ಷ ಇಲಾಖೆಯವರು ಬಂದು ಮುದ್ರೆ ಹಾಕ್ತಾರೆ. ಯಂತ್ರ ಸವೀತದೆ, ಸ್ಪ್ರಿಂಗು ಸಡಿಲ ಆಗ್ತದೆ, ಅದಕ್ಕೆ. ಇಲ್ಲಿ ಸವೆಯೋದು ಏನಿದೆ?

— ಮುದ್ರೆಯ ಲೆಕ್ಕ ಅರ್ಧ ಸರಿ. ಇಲಾಖೆಯವರು ತೂಕ ಸರಿಯಿದೆಯಾ ಅಂತ ನೋಡ್ತಾರೆ. ಸರ್ಟಿಫಿಕೇಟ್ ಕೊಡುವವರು ಅಂಗಡಿ ಪ್ರಾಮಾಣಿಕವೋ ಅಲ್ಲವೋ ಅಂತ ನೋಡೋದೇ ಇಲ್ಲ. ಈ ಹೆಸರಿನ ವೆಬ್‌ಸೈಟು ಈ ಕೀಲಿ ಇಟ್ಟುಕೊಂಡವರ ಕೈಯಲ್ಲಿದೆ, ಇಷ್ಟನ್ನೇ ಅವರು ಹೇಳೋದು. ಮೋಸದ ವೆಬ್‌ಸೈಟಿಗೂ ಬೀಗದ ಚಿತ್ರ ಬರುತ್ತೆ. ಸವೆಯೋದು ಏನು ಅಂದ್ರಲ್ಲ, ಆ ಮಾತೇ ಸವೆಯೋದು. ಇವತ್ತು ನಿಜವಾಗಿದ್ದದ್ದು ಎರಡು ವರ್ಷ ಬಿಟ್ಟು ನಿಜವಾಗಿರಬೇಕು ಅಂತಿಲ್ಲ. ಕೀಲಿ ಕಳವಾಗಿರಬಹುದು, ಹೆಸರು ಬೇರೆಯವರ ಪಾಲಾಗಿರಬಹುದು.

— ಕಳವಾದರೆ ರದ್ದು ಮಾಡಿದರಾಯ್ತಪ್ಪ. ಚೆಕ್ ಪುಸ್ತಕ ಕಳೆದರೆ ನಾವು ಮಾಡಲ್ವ?

— ಅಲ್ಲೇ ಇರೋದು ತೊಡಕು. ರದ್ದು ಮಾಡೋ ವ್ಯವಸ್ಥೆ ಕಾಗದದ ಮೇಲೆ ಇದೆ, ಕೆಲಸಕ್ಕೆ ಬಂದಿದ್ದು ಕಡಿಮೆ. ಬ್ರೌಸರ್ ಪ್ರತಿ ಸಲ ಸರ್ಟಿಫಿಕೇಟ್ ಕೊಟ್ಟವರ ಹತ್ತಿರ ಹೋಗಿ 'ಇದಿನ್ನೂ ಚಾಲ್ತಿಯಲ್ಲಿದೆಯಾ' ಅಂತ ಕೇಳಬೇಕು ಅನ್ನೋದು ಮೂಲ ಲೆಕ್ಕಾಚಾರ. ಆ ಕಡೆಯಿಂದ ಉತ್ತರ ಬರದಿದ್ದರೆ? ಪುಟ ತೆರೆಯೋದಿಲ್ಲ ಅಂದರೆ ಜನ ಬ್ರೌಸರನ್ನೇ ಬೈತಾರೆ. ಹಾಗಾಗಿ ಉತ್ತರ ಬರದಿದ್ದರೆ ಹೋಗಲಿ ಬಿಡು ಅಂತ ಒಳಗೆ ಬಿಡೋ ರೂಢಿ ಬಂತು. ಕಳ್ಳ ನಡುದಾರಿಯಲ್ಲಿ ಕೂತವನಾದರೆ ಆ ಉತ್ತರವನ್ನೂ ಅವನೇ ತಡೀತಾನೆ, ಕಥೆ ಮುಗೀತು. ಮೇಲಾಗಿ ಯಾರು ಯಾವ ವೆಬ್‌ಸೈಟಿಗೆ ಹೋದರು ಅನ್ನೋದು ಕೊಟ್ಟವರಿಗೆ ಗೊತ್ತಾಗುತ್ತೆ. ಲೆಟ್ಸ್ ಎನ್‌ಕ್ರಿಪ್ಟ್‌ನವರು 2025ರ ಆಗಸ್ಟ್‌ನಲ್ಲಿ ಹಾಗೆ ಉತ್ತರ ಕೊಡೋ ಸೇವೆಯನ್ನೇ ಮುಚ್ಚಿದರು.

— ಅದು ಯಾರು?

— ಪುಕ್ಕಟೆ ಸರ್ಟಿಫಿಕೇಟ್ ಕೊಡೋರು. ಅಮೆರಿಕದ ಲಾಭರಹಿತ ಸಂಸ್ಥೆ, ಅವರ ವಿಷಯಕ್ಕೆ ಬರ್ತೀನಿ. ಮೊದಲು ರದ್ದಿನ ಕಥೆ ಮುಗಿಸ್ತೀನಿ. 2011ರಲ್ಲಿ ನೆದರ್ಲೆಂಡ್ಸ್‌ನ ಡಿಜಿನೋಟಾರ್ ಅನ್ನೋ ಸರ್ಟಿಫಿಕೇಟ್ ಕೊಡೋ ಕಂಪನಿಯೊಳಗೆ ಕಳ್ಳರು ನುಗ್ಗಿ ಗೂಗಲ್ ಹೆಸರಿನಲ್ಲೇ ಸರ್ಟಿಫಿಕೇಟ್ ಮಾಡಿಕೊಂಡರು. ಇರಾನಿನ ಜನರ ಮೇಲ್ ಕದ್ದು ಓದೋಕೆ ಅದು ಬಳಕೆಯಾಯ್ತು. ಬ್ರೌಸರ್‌ನವರು ಕಂಪನಿಯ ಹೆಸರನ್ನೇ ನಂಬಿಕೆಯ ಪಟ್ಟಿಯಿಂದ ಕಿತ್ತುಹಾಕಿದರು, ತಿಂಗಳೊಳಗೇ ಕಂಪನಿ ದಿವಾಳಿ. ನಮ್ಮಲ್ಲೂ ಆಗಿದೆ ಮಾವ. 2014ರ ಜುಲೈನಲ್ಲಿ ದೆಹಲಿಯ ಎನ್‌ಐಸಿ ಅನ್ನೋ ಸರ್ಕಾರಿ ಕಂಪ್ಯೂಟರ್ ಸಂಸ್ಥೆಯ ಸರ್ಟಿಫಿಕೇಟ್ ವಿಭಾಗದಿಂದ ಗೂಗಲ್ ಡೊಮೇನ್‌ಗಳಿಗೆ ಅನಧಿಕೃತ ಸರ್ಟಿಫಿಕೇಟ್ ಹೊರಟಿದ್ದು ಸಿಕ್ಕಿಬಿತ್ತು. ಅಂಥವನ್ನ ಒಂದೊಂದಾಗಿ ಹಿಂದಕ್ಕೆ ಕರೆಯೋದು ಆಗದ ಮಾತು. ಆಗ ಉಳಿಯೋ ದಾರಿ ಒಂದೇ: ಕೊಡುವಾಗಲೇ ಕಡಿಮೆ ಅವಧಿಗೆ ಕೊಡೋದು, ತಾನಾಗಿ ಸಾಯೋ ಹಾಗೆ.

— ಕಡಿಮೆ ಅಂದ್ರೆ? ನಮ್ಮದು ವರ್ಷದ್ದಲ್ವ?

— ಆಗಿತ್ತು. ಹಿಂದೆ ಐದು ವರ್ಷಕ್ಕೆಲ್ಲ ಕೊಡ್ತಿದ್ರು. 2015ರಲ್ಲಿ 39 ತಿಂಗಳಿಗೆ ಇಳಿಸಿದರು, 2018ರಲ್ಲಿ 825 ದಿನ. 2020ರ ಸೆಪ್ಟೆಂಬರ್‌ನಿಂದ 398 ದಿನ, ಅದು ಆಪಲ್‌ನವರು ನಮ್ಮ ಸಫಾರಿ ಇನ್ನು ಇದಕ್ಕಿಂತ ಹೆಚ್ಚಿನದನ್ನ ಒಪ್ಪಲ್ಲ ಅಂತ ಏಕಪಕ್ಷೀಯವಾಗಿ ಘೋಷಿಸಿದ್ದರಿಂದ ಬಂದಿದ್ದು. ಆಮೇಲೆ 2025ರ ಏಪ್ರಿಲ್‌ನಲ್ಲಿ ಸರ್ಟಿಫಿಕೇಟ್ ಕೊಡುವವರು ಮತ್ತು ಬ್ರೌಸರ್ ಮಾಡುವವರು ಒಟ್ಟಿಗೆ ಕೂತು ಮತ ಹಾಕಿದರು. 2026ರ ಮಾರ್ಚ್ 15ರಿಂದ ಕೊಡೋದಕ್ಕೆ 200 ದಿನ, 2027ರ ಅದೇ ದಿನದಿಂದ 100, 2029ರ ಅದೇ ದಿನದಿಂದ 47. ವಿರುದ್ಧವಾಗಿ ಒಂದು ಮತವೂ ಬೀಳಲಿಲ್ಲ.

— ನಲವತ್ತೇಳು ದಿನವಾ! ಒಂದೂವರೆ ತಿಂಗಳಿಗೊಮ್ಮೆ ನಾನು ಆ ಕಂಪನಿಯವನ ಕಾಲು ಹಿಡೀಬೇಕಾ? ಇದು ಸಣ್ಣವರಿಗೆ ಕಾಟ ಕೊಡೋಕೇ ಮಾಡಿದ್ದು ಮಾರಾಯ್ತಿ.

— ಕಾಟ ಕೊಡೋದೇ ಉದ್ದೇಶ ಅಂತ ಇಟ್ಕೊಳ್ಳಿ. ಕೈಯಿಂದ ಮಾಡೋಕೆ ಸಾಧ್ಯವೇ ಆಗದಷ್ಟು ಸಲ ಮಾಡಿಸಿದರೆ ಕೈ ಬಿಡಬೇಕಾಗುತ್ತೆ. ನನಗೆ ಕೇಳಿದರೆ ವರ್ಷಕ್ಕೊಮ್ಮೆ ಅನ್ನೋದು ಇರೋದರಲ್ಲೇ ಕೆಟ್ಟ ಅವಧಿ. ದಿನಾ ಮಾಡೋದು ಕೈಗೆ ಬರುತ್ತೆ, ಹತ್ತು ವರ್ಷಕ್ಕೊಮ್ಮೆ ಬರೋದಕ್ಕೆ ಸಭೆ ಸೇರಿ ತಯಾರಿ ಮಾಡ್ತೀವಿ. ವರ್ಷದ ಕೆಲಸಕ್ಕೆ ಎರಡೂ ಇಲ್ಲ. ಹೋದ ಸಲ ಮಾಡಿದ ಹುಡುಗ ಕೆಲಸ ಬಿಟ್ಟಿರ್ತಾನೆ, ಪಾಸ್‌ವರ್ಡ್ ಯಾವ ಡೈರಿಯಲ್ಲಿದೆ ಅಂತ ಯಾರಿಗೂ ಗೊತ್ತಿರಲ್ಲ, ನೆನಪಿಸೋ ಮೇಲು ಹೋಗೋದು ಅವನ ಹಳೇ ವಿಳಾಸಕ್ಕೆ.

— ನಮ್ಮಲ್ಲಿ ಆಗಿದ್ದು ಅದೇ. ಆದ್ರೆ ನಾವು ತಾಲ್ಲೂಕಿನ ಸೊಸೈಟಿ. ದೊಡ್ಡ ಕಂಪನಿಗಳಿಗೆ ಇದೆಲ್ಲ ಆಗಲ್ಲ ಬಿಡು.

— ಆಗಲ್ಲವಾ? 2020ರ ಫೆಬ್ರವರಿ 3, ಸೋಮವಾರ, ಮೈಕ್ರೋಸಾಫ್ಟ್‌ನ ಟೀಮ್ಸ್ ಗಂಟೆಗಟ್ಟಲೆ ನಿಂತುಹೋಯ್ತು, ಒಂದು ಸರ್ಟಿಫಿಕೇಟ್ ರಿನ್ಯೂ ಮಾಡೋದು ಮರೆತಿದ್ದಕ್ಕೆ. 2018ರ ಡಿಸೆಂಬರ್ 6ರಂದು ಎರಿಕ್‌ಸನ್‌ನ ಸಾಫ್ಟ್‌ವೇರಿನೊಳಗೆ ಕೂತಿದ್ದ ಸರ್ಟಿಫಿಕೇಟ್ ಅವಧಿ ಮುಗಿದು, ಬ್ರಿಟನ್ನಿನ ಓಟೂ, ಜಪಾನಿನ ಸಾಫ್ಟ್‌ಬ್ಯಾಂಕ್ ಎರಡರದ್ದೂ ಮೊಬೈಲ್ ಜಾಲ ಮಲಗಿತು. ಓಟೂ ಒಂದಕ್ಕೇ 3 ಕೋಟಿಗೂ ಹೆಚ್ಚು ಗ್ರಾಹಕರು. ಅದಕ್ಕಿಂತ ನನಗೆ ಎದೆ ಧಸಕ್ ಅನ್ನಿಸಿದ್ದು ಇಕ್ವಿಫ್ಯಾಕ್ಸ್‌ದು, ಸಾಲದ ಇತಿಹಾಸ ಇಟ್ಟುಕೊಳ್ಳೋ ಅಮೆರಿಕದ ಕಂಪನಿ. ಅವರಲ್ಲಿ ಒಳಹೊರಗಿನ ಸಂಚಾರ ಬಿಚ್ಚಿ ನೋಡೋಕೆ ಒಂದು ಯಂತ್ರ ಇತ್ತು. ಅದರ ಸರ್ಟಿಫಿಕೇಟ್ ಎಷ್ಟೋ ತಿಂಗಳ ಹಿಂದೆಯೇ ಸತ್ತಿತ್ತು. ಯಂತ್ರ ನಿಲ್ಲಲಿಲ್ಲ, ಕೂಗಲಿಲ್ಲ. ನೋಡೋದನ್ನ ಮಾತ್ರ ನಿಲ್ಲಿಸಿತ್ತು. 2017ರ ಜುಲೈ 29ರಂದು ಹೊಸದು ಹಾಕಿದ ಕೂಡಲೇ ಕಳ್ಳಸಂಚಾರ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಕಳ್ಳರು 76 ದಿನದಿಂದ ಒಳಗಿದ್ದರು, ಹೋಗಿದ್ದು ಸುಮಾರು 14.7 ಕೋಟಿ ಜನರ ವಿವರ.

— ಹಾಗಾದ್ರೆ ನಮ್ಮ ವೆಬ್‌ಸೈಟು ಕೂಗಿದ್ದು ಪುಣ್ಯ ಅನ್ನು.

— ಹೂಂ. ಜೋರಾಗಿ ಸಾಯೋದು ಮೇಲು. ಆ ಪಾಸ್‌ಬುಕ್ ಹಿಡಿದು ಬಂದವರನ್ನ ಕೂರಿಸಿ ಚಹಾ ಕೊಡಿ, ಅವರಷ್ಟು ಬೇಗ ನಿಮ್ಮ ಕಂಪನಿಯವನೂ ಹೇಳಲಿಲ್ಲ.

— ಸರಿ, ಈಗ ದಾರಿ ಹೇಳು.

— ನಿಮ್ಮ ಸರ್ವರಿನ ಮೇಲೆ ಒಂದು ಪುಟ್ಟ ಪ್ರೋಗ್ರಾಂ ಕೂರಿಸೋದು. ಸರ್ಟ್‌ಬಾಟ್ ಅಂತ ಇದೆ, ಬೇರೆಯವೂ ಇವೆ. ಅದು ದಿನಕ್ಕೆ ಎರಡು ಸಲ ಎದ್ದು ಸರ್ಟಿಫಿಕೇಟಿಗೆ ಎಷ್ಟು ಆಯುಸ್ಸು ಉಳಿದಿದೆ ಅಂತ ನೋಡುತ್ತೆ. ಮೂರನೇ ಒಂದು ಪಾಲಿಗೆ ಬಂದಿದ್ದರೆ ಲೆಟ್ಸ್ ಎನ್‌ಕ್ರಿಪ್ಟ್‌ಗೆ ಅರ್ಜಿ ಹಾಕುತ್ತೆ. ಇಲ್ಲದಿದ್ದರೆ ಸುಮ್ಮನೆ ಮಲಗುತ್ತೆ.

— ಅರ್ಜಿ ಹಾಕಿದರೆ ಕೊಟ್ಟುಬಿಡ್ತಾರಾ? ಅದು ನಮ್ಮದೇ ವೆಬ್‌ಸೈಟು ಅಂತ ಅವರಿಗೆ ಹೇಗೆ ಗೊತ್ತು? ಹಿಂದೆ ಕಂಪನಿಯವರು ಸೊಸೈಟಿಯ ನೋಂದಣಿ ಪತ್ರ, ಪ್ಯಾನು, ನನ್ನ ಸಹಿ ಎಲ್ಲ ತರಿಸ್ಕೊಂಡಿದ್ರು.

— ಇಲ್ಲಿ ಪ್ಯಾನೂ ಬೇಡ ಸಹಿಯೂ ಬೇಡ. ಅವರು ಒಂದು ಉದ್ದದ ಅರ್ಥವಿಲ್ಲದ ಅಕ್ಷರಸಾಲು ಕೊಡ್ತಾರೆ. 'ಇದನ್ನ ನಿನ್ನ ವೆಬ್‌ಸೈಟಿನ ಇಂಥ ಫೋಲ್ಡರಿನಲ್ಲಿ ಇಡು, ನಾವು ಬಂದು ಓದ್ತೀವಿ' ಅಂತ. ಫೋಲ್ಡರಿನ ಹೆಸರೂ ನಿಗದಿ: ಚುಕ್ಕೆ ವೆಲ್-ನೋನ್, ಅದರೊಳಗೆ ಆಕ್ಮೆ-ಚಾಲೆಂಜ್. ಪ್ರೋಗ್ರಾಂ ಅಲ್ಲಿ ಇಡುತ್ತೆ, ಅವರು ಬಂದು ಓದ್ತಾರೆ, ಹೊಂದಿದರೆ ಸರ್ಟಿಫಿಕೇಟ್ ಕೈಗೆ. ಎಲ್ಲ ಸೇರಿ ಕೆಲವೇ ಸೆಕೆಂಡು. ಈ ಮಾತುಕತೆಯ ಕ್ರಮಕ್ಕೆ ಆಕ್ಮೆ ಅಂತಲೇ ಹೆಸರು. 2019ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 8555 ಅಂತ ಅಂಕಿತ ಬಿದ್ದು ಎಲ್ಲರಿಗೂ ಒಂದೇ ಕ್ರಮವಾಯ್ತು. ದುಡ್ಡು ತಗೊಳ್ಳೋ ಕಂಪನಿಗಳೂ ಈಗ ಅದನ್ನ ಒಪ್ಪಿಕೊಂಡಿವೆ, ಹಾಗಾಗಿ ನಾಳೆ ಇವರು ಬೇಡ ಅನ್ನಿಸಿದರೆ ವಿಳಾಸ ಬದಲಿಸಿದರಾಯ್ತು.

— ಪುಕ್ಕಟೆ ಯಾಕೆ ಕೊಡ್ತಾರೆ? ಅದರಲ್ಲೇ ನನಗೆ ಅನುಮಾನ.

— ಬ್ರೌಸರ್ ಮಾಡೋ ಮೊಜಿಲ್ಲಾದ ಇಬ್ಬರು, ಇಎಫ್ಎಫ್ ಅನ್ನೋ ಡಿಜಿಟಲ್ ಹಕ್ಕುಗಳ ಸಂಘಟನೆಯವರು, ಮಿಷಿಗನ್ ವಿಶ್ವವಿದ್ಯಾಲಯದವರು ಸೇರಿ ಶುರು ಮಾಡಿದ್ದು. 2015ರ ಸೆಪ್ಟೆಂಬರ್‌ನಲ್ಲಿ ಮೊದಲ ಸರ್ಟಿಫಿಕೇಟ್ ಕೊಟ್ಟರು. 2020ರ ಫೆಬ್ರವರಿಗೆ ನೂರು ಕೋಟಿ ದಾಟಿತು. ನಡೆಯೋದು ಪ್ರಾಯೋಜಕರ ಮತ್ತು ದಾನಿಗಳ ದುಡ್ಡಿನಲ್ಲಿ. ಮೊದಲ ದಿನದಿಂದಲೂ 90 ದಿನಕ್ಕೆ ಮಾತ್ರ ಕೊಟ್ಟರು. ಆಗ ಎಲ್ಲರೂ ಗೊಣಗಿದರು, ನೀವು ಈಗ ಗೊಣಗಿದ ಹಾಗೆಯೇ. ಈಗ ಅವರು 2028ರ ಹೊತ್ತಿಗೆ 45 ದಿನಕ್ಕೆ ಇಳಿಸ್ತೀವಿ ಅಂದಿದ್ದಾರೆ. ಬೇಕಾದವರಿಗೆ 160 ಗಂಟೆಯದ್ದೂ ಇದೆ, ವಾರ ತುಂಬೋದಕ್ಕೆ ಮೊದಲೇ ಮುಗಿಯೋದು.

— ಅಂದ್ರೆ ಮನುಷ್ಯ ಮರೀತಾನೆ ಅಂತ ಯಂತ್ರದ ಕೈಗೆ ಕೊಡೋದು. ಯಂತ್ರ ಮರೆತರೆ?

— ಯಂತ್ರ ಮರೆಯಲ್ಲ. ಸೋಲುತ್ತೆ. ಸೋತಿದ್ದು ಯಾರಿಗೂ ತಿಳಿಯಲ್ಲ. ಈ ಕೆಲಸದಲ್ಲಿ ನನ್ನ ತಲೆ ತಿಂದಿದ್ದೆಲ್ಲ ಅಲ್ಲೇ. ಅದರಲ್ಲೂ ಒಂದು ಪ್ರಸಂಗ ಎಲ್ಲ ಕಡೆ ಆಗೋದು: ಪ್ರೋಗ್ರಾಂ ಸರಿಯಾಗಿ ಹೋಗಿ ಹೊಸ ಸರ್ಟಿಫಿಕೇಟ್ ತಂದು ಡಿಸ್ಕಿನಲ್ಲಿ ಇಟ್ಟಿರುತ್ತೆ. ಲಾಗ್ ತೆಗೆದು ನೋಡಿದರೆ 'ಯಶಸ್ವಿ' ಅಂತಲೇ ಇರುತ್ತೆ. ಫೈಲು ತೆಗೆದು ನೋಡಿದರೆ ತಾರೀಖೂ ಹೊಸದು. ಆದರೂ ಗ್ರಾಹಕರಿಗೆ ಕೆಂಪು ತ್ರಿಕೋನ.

— ಅದು ಹೇಗೆ?

— ಬಾಗಿಲಲ್ಲಿ ನಿಂತು ಸರ್ಟಿಫಿಕೇಟ್ ತೋರಿಸೋದು ಎಂಜಿನ್‌ಎಕ್ಸ್ ಅನ್ನೋ ಬೇರೆ ಪ್ರೋಗ್ರಾಂ. ಅದು ಶುರುವಾಗುವಾಗ ಒಮ್ಮೆ ಫೈಲು ಓದಿ ಮೆಮೊರಿಗೆ ಹಾಕಿಕೊಂಡುಬಿಡುತ್ತೆ. ಆಮೇಲೆ ಫೈಲು ಬದಲಾದರೂ ತಿರುಗಿ ನೋಡಲ್ಲ. 'ರೀಲೋಡ್' ಅಂತ ಯಾರಾದರೂ ಹೇಳಬೇಕು. ಸರ್ವರ್ ತಿಂಗಳಿಗೊಮ್ಮೆ ರೀಸ್ಟಾರ್ಟ್ ಆಗೋ ಕಡೆ ಈ ತಪ್ಪು ವರ್ಷಗಟ್ಟಲೆ ಮುಚ್ಚಿಹೋಗಿರುತ್ತೆ, ಯಾಕಂದ್ರೆ ರೀಸ್ಟಾರ್ಟ್ ಆದಾಗ ಹೊಸದನ್ನ ಓದಿಕೊಳ್ಳುತ್ತೆ. ಯಾವಾಗ ಸರ್ವರ್ ಚೆನ್ನಾಗಿ, ನಿಲ್ಲದೆ ಓಡೋಕೆ ಶುರುವಾಗುತ್ತೋ ಆಗ ಬೀಳುತ್ತೆ! ಸರ್ಟ್‌ಬಾಟಿನಲ್ಲಿ ಡಿಪ್ಲಾಯ್-ಹುಕ್ ಅಂತ ಒಂದು ಜಾಗ ಇದೆ. ಹೊಸದು ಬಂದ ಮೇಲೆ ಮಾತ್ರ ಓಡಿಸಬೇಕಾದ ಆಜ್ಞೆಯನ್ನ ಅಲ್ಲಿ ಬರೆಯೋದು. ಒಂದೇ ಸಾಲು. ಆ ಸಾಲಿಲ್ಲದ ಸರ್ವರ್‌ಗಳು ಎಷ್ಟಿವೆಯೋ.

— ಮತ್ತೆ?

— ಪೋರ್ಟ್ 80 ಮುಚ್ಚೋದು. ಹಳೇ ಬಾಗಿಲು, ಗೂಢಲಿಪಿ ಇಲ್ಲದ್ದು, ಅಪಾಯ ಅಂತ ಯಾರೋ ಆಡಿಟ್‌ನವರು ಬರೀತಾರೆ, ಕಂಪನಿಯವನು ಮುಚ್ತಾನೆ. ಆ ಅಕ್ಷರಸಾಲು ಓದೋಕೆ ಅವರು ಬರೋದೇ ಆ ಬಾಗಿಲಿಗೆ. ಅಲ್ಲಿಂದ ಸುರಕ್ಷಿತ ಬಾಗಿಲಿಗೆ ಕಳಿಸಿದರೆ ಹೋಗ್ತಾರೆ, ಆದರೆ ಬಡಿಯೋದು ಇಲ್ಲೇ. ಇನ್ನೊಂದು ನಮ್ಮ ದೇಶದಲ್ಲಿ ಹೆಚ್ಚು: ಭಾರತದ ಹೊರಗಿನಿಂದ ಬರೋರನ್ನೆಲ್ಲ ಫೈರ್‌ವಾಲ್‌ನಲ್ಲಿ ತಡೆಯೋದು. ನಮ್ಮ ಸದಸ್ಯರೆಲ್ಲ ಇಲ್ಲಿಯವರೇ, ಹೊರಗಿನವರಿಗೆ ಏನು ಕೆಲಸ ಅಂತ. ಲೆಟ್ಸ್ ಎನ್‌ಕ್ರಿಪ್ಟ್‌ನವರು 2020ರಿಂದ ಒಂದೇ ಕಡೆಯಿಂದ ಬಂದು ನೋಡಲ್ಲ, ಜಾಲದ ಬೇರೆ ಬೇರೆ ಮೂಲೆಗಳಿಂದ ಒಟ್ಟಿಗೆ ಬಡೀತಾರೆ. ನಡುದಾರಿಯಲ್ಲಿ ಒಂದು ಕಡೆ ಮೋಸ ಮಾಡಿದರೆ ಸಿಕ್ಕಿಬೀಳಲಿ ಅಂತ. ಅವರನ್ನೂ ತಡೆದರೆ ಸರ್ಟಿಫಿಕೇಟ್ ಎಲ್ಲಿಂದ ಬರಬೇಕು?

— ನಮ್ಮ ಸದಸ್ಯರ ಮಕ್ಕಳು ಅರ್ಧ ಜನ ಹೊರದೇಶದಲ್ಲೇ ಇದ್ದಾರೆ. ತಡೆದರೆ ಅವರೇ ನನ್ನ ಜನ್ಮ ಜಾಲಾಡ್ತಾರೆ.

— ಆ ಬಾಗಿಲು ತೆರೆಯೋಕೆ ಇಷ್ಟ ಇಲ್ಲದವರಿಗೆ ಬೇರೆ ದಾರಿ ಇದೆ, ಡಿಎನ್‌ಎಸ್ ದಾಖಲೆಯಲ್ಲಿ, ಅಂದ್ರೆ ಈ ಹೆಸರಿನ ವೆಬ್‌ಸೈಟು ಎಲ್ಲಿದೆ ಅಂತ ಹೇಳೋ ಪಟ್ಟಿಯಲ್ಲಿ, ಅಕ್ಷರಸಾಲು ಬರೆಯೋದು. ಅದಕ್ಕೆ ಡಿಎನ್‌ಎಸ್ ಬದಲಿಸೋ ಅಧಿಕಾರದ ಕೀಲಿಯನ್ನ ಸರ್ವರ್ ಮೇಲೆ ಇಡಬೇಕು. ಸರ್ವರಿಗೆ ಯಾರಾದರೂ ನುಗ್ಗಿದರೆ ಇಡೀ ಹೆಸರೇ ಅವರ ಕೈಗೆ. ನಿಮಗೆ ಬೇಡ ಅದು.

— ನೀನು ಹೇಳಿದ ಮೇಲೆ ಬೇಡ. ಒಂದು ಕೇಳ್ತೀನಿ, ನಮ್ಮ ಕಂಪನಿಯವನು ಬುದ್ಧಿವಂತ. 'ಸಾರ್, ನಾನೇ 60 ದಿನಕ್ಕೊಮ್ಮೆ ಓಡೋ ಹಾಗೆ ಇಡ್ತೀನಿ' ಅಂದ.

— ಇವತ್ತಿಗೆ ನಡೆಯುತ್ತೆ. 45 ದಿನಕ್ಕೆ ಇಳಿದ ದಿನ, ಸರ್ಟಿಫಿಕೇಟ್ ಸತ್ತು 15 ದಿನ ಆದ ಮೇಲೆ ಆ ಪ್ರೋಗ್ರಾಂ ಎದ್ದು ಕೂರುತ್ತೆ. ತಾರೀಖು ಕಟ್ಟಿಹಾಕಬಾರದು ಮಾವ. ದಿನಾ ಎದ್ದು 'ಎಷ್ಟು ಉಳಿದಿದೆ' ಅಂತ ಕೇಳೋ ಹಾಗಿರಬೇಕು. ಅದಕ್ಕಿಂತ ಒಳ್ಳೇದು, ಕೊಟ್ಟವರನ್ನೇ 'ಯಾವಾಗ ಬರಲಿ' ಅಂತ ಕೇಳೋದು. ಅದಕ್ಕೂ ಈಗ ಕ್ರಮ ಬಂದಿದೆ, 2025ರಲ್ಲಿ ಆರ್‌ಎಫ್‌ಸಿ 9773. ಯಾಕೆ ಬೇಕು ಅಂದ್ರೆ, 2020ರ ಫೆಬ್ರವರಿ ಕೊನೆಗೆ ಲೆಟ್ಸ್ ಎನ್‌ಕ್ರಿಪ್ಟ್‌ನವರದೇ ಸಾಫ್ಟ್‌ವೇರಿನಲ್ಲಿ ದೋಷ ಸಿಕ್ಕಿತು. 30 ಲಕ್ಷ ಸರ್ಟಿಫಿಕೇಟ್‌ಗಳನ್ನ ದಿನಗಳ ಲೆಕ್ಕದಲ್ಲಿ ರದ್ದು ಮಾಡಬೇಕಾಗಿ ಬಂತು. ನಿಯಮದ ಪ್ರಕಾರ ಮಾಡಲೇಬೇಕು. ಎಲ್ಲರಿಗೂ ಮೇಲ್ ಹಾಕಿದರು, ಬದಲಿಸಿಕೊಳ್ಳಿ ಅಂತ. ಗಡುವು ಬಂದಾಗ ಹತ್ತು ಲಕ್ಷಕ್ಕೂ ಹೆಚ್ಚು ಇನ್ನೂ ಬದಲಾಗಿರಲಿಲ್ಲ. ಅವನ್ನ ರದ್ದು ಮಾಡಿದರೆ ಅಷ್ಟೂ ವೆಬ್‌ಸೈಟು ಬೀಳ್ತಾವೆ ಅಂತ ಹಾಗೇ ಬಿಟ್ಟರು. ನಿಯಮ ಮಾಡಿದವರೇ ನಿಯಮ ಮುರಿದರು. ನಾನಾಗಿದ್ದರೂ ಅದನ್ನೇ ಮಾಡ್ತಿದ್ದೆ ಅನ್ನಿ. ಈಗ ಮೇಲ್ ಬೇಡ, ಪ್ರೋಗ್ರಾಂ ಬಂದು ಕೇಳಿದಾಗ 'ಇವತ್ತೇ ಬದಲಿಸಿಕೋ' ಅಂತ ಹೇಳಿದರೆ ಸಾಕು.

— ಮೇಲ್ ಅಂದ್ಯಲ್ಲ, ಅವರು ನೆನಪು ಮಾಡೋ ಮೇಲ್ ಕಳಿಸ್ತಾರಲ್ಲ, ಅದನ್ನ ನನ್ನ ವಿಳಾಸಕ್ಕೆ ಹಾಕಿಸು. ನಾನು ನೋಡ್ಕೋತೀನಿ.

— 2025ರ ಜೂನ್ 4ರಿಂದ ನಿಲ್ಲಿಸಿದ್ದಾರೆ.

— ನಿಲ್ಲಿಸಿದ್ರಾ! ಇದ್ದ ಒಂದು ಆಸರೆ!

— ಅದಕ್ಕೆ ವರ್ಷಕ್ಕೆ ಹತ್ತಾರು ಸಾವಿರ ಡಾಲರ್ ಖರ್ಚು, ಲಕ್ಷಾಂತರ ಜನರ ವಿಳಾಸ ಕಾಪಾಡೋ ತಲೆನೋವು ಬೇರೆ. ನಂಗೂ ಮೊದಲು ಸರಿ ಅನ್ನಿಸಲಿಲ್ಲ. ಆಮೇಲೆ ಯೋಚನೆ ಮಾಡಿದೆ, ಆ ಮೇಲು ಹೇಳ್ತಿದ್ದುದಾದರೂ ಏನು? 'ನಾವು ಹೊಸದು ಕೊಟ್ಟಿಲ್ಲ' ಅಂತ. ಕೊಟ್ಟ ಹೊಸದು ನಿಮ್ಮ ಬಾಗಿಲಿಗೆ ಬಂತಾ ಅನ್ನೋದು ಅವರಿಗೆ ಗೊತ್ತಿಲ್ಲ. ನೋಡಬೇಕಾದ್ದು ಹೊರಗಿನಿಂದ, ಸದಸ್ಯರು ನೋಡೋ ಕಡೆಯಿಂದ. ಸೊಸೈಟಿಯ ಸರ್ವರ್ ಮೇಲೆ ಅಲ್ಲ, ಬೇರೆ ಯಾವುದಾದರೂ ಕಂಪ್ಯೂಟರ್ ಮೇಲೆ ಇನ್ನೊಂದು ಸಣ್ಣ ಪ್ರೋಗ್ರಾಂ ಇಡ್ತೀನಿ. ಅದು ದಿನಾ ಬೆಳಗ್ಗೆ ಒಬ್ಬ ಸದಸ್ಯನ ಹಾಗೆ ನಿಮ್ಮ ವೆಬ್‌ಸೈಟಿಗೆ ಹೋಗಿ, ತೋರಿಸಿದ ಸರ್ಟಿಫಿಕೇಟಿನ 'ನಾಟ್ ಆಫ್ಟರ್' ಓದಿ, 20 ದಿನಕ್ಕಿಂತ ಕಡಿಮೆ ಇದ್ದರೆ ನಿಮ್ಮ ಫೋನಿಗೆ ಮೆಸೇಜ್ ಹಾಕುತ್ತೆ. 90 ದಿನದ ಸರ್ಟಿಫಿಕೇಟಿನ ಲೆಕ್ಕಕ್ಕೆ ರಿನ್ಯೂ 30 ದಿನ ಉಳಿದಾಗಲೇ ಆಗಬೇಕು. 20 ಅಂದ್ರೆ ಹತ್ತು ದಿನ ಸೋತಿದೆ ಅಂತ ಅರ್ಥ, ನಮಗಿನ್ನೂ ಇಪ್ಪತ್ತು ದಿನ ಇದೆ.

— ಆ ಎರಡನೇ ಪ್ರೋಗ್ರಾಂ ಸತ್ತರೆ?

— ಹ್ಞಾಂ, ನೀವು ಲೆಕ್ಕ ಬರೆದೋರು, ಈ ಪ್ರಶ್ನೆ ಬರುತ್ತೆ ಅಂತ ಗೊತ್ತಿತ್ತು. ಪ್ರತಿ ಸೋಮವಾರ 'ಎಲ್ಲ ಸರಿಯಿದೆ, ಇಷ್ಟು ದಿನ ಉಳಿದಿದೆ' ಅಂತ ಒಂದು ಮೆಸೇಜ್ ಬರೋ ಹಾಗೆ ಮಾಡ್ತೀನಿ. ಸೋಮವಾರ ಅದು ಬರದಿದ್ದರೆ ನನಗೆ ಫೋನ್ ಮಾಡಿ.

— ಅಂದ್ರೆ ಕೊನೆಗೂ ನೋಡೋನು ನಾನೇ.

— ನೀವೇ. ನಿಮ್ಮ ಕೈಯಿಂದ ತಪ್ಪಿದ್ದು ಮಾಡೋ ಕೆಲಸ, ನೋಡೋ ಕೆಲಸ ಅಲ್ಲ.

— ಅದು ನನಗೆ ಆಗ್ತದೆ. ಎಲ್ಲ ಯಾವಾಗ ಮಾಡ್ತೀಯ?

— ಇವತ್ತೇ. ಮೊದಲು ಅವರ ಪರೀಕ್ಷಾ ಸರ್ವರ್ ಮೇಲೆ ಓಡಿಸಿ ನೋಡ್ತೀನಿ, ಡ್ರೈ-ರನ್ ಅಂತಾರೆ. ನಿಜವಾದ್ದರ ಮೇಲೆ ತಪ್ಪು ತಪ್ಪಾಗಿ ಬಡಿದರೆ ಗಂಟೆಗೆ ಐದು ಸಲಕ್ಕೆ ಬಾಗಿಲು ಹಾಕಿಬಿಡ್ತಾರೆ. ಒಂದು ವಿಷಯ ಮಾತ್ರ ನೀವು ಹೇಳಬೇಕು. ಡೊಮೇನ್ ಯಾರ ಹೆಸರಲ್ಲಿದೆ?

— ಯಾವ ಡೊಮೇನು?

— ವೆಬ್‌ಸೈಟಿನ ಹೆಸರು ಮಾವ. ಅದನ್ನೂ ದುಡ್ಡು ಕಟ್ಟಿ ರಿನ್ಯೂ ಮಾಡ್ತಿರಬೇಕು, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಅದು ತಪ್ಪಿದರೆ ಯಾರು ಬೇಕಾದರೂ ಕೊಂಡುಕೊಳ್ಳಬಹುದು. ಕೊಂಡವರು ಅದೇ ಫೋಲ್ಡರಿನಲ್ಲಿ ಅದೇ ಥರದ ಅಕ್ಷರಸಾಲು ಇಟ್ಟು ಕೇಳಿದರೆ, ಲೆಟ್ಸ್ ಎನ್‌ಕ್ರಿಪ್ಟ್‌ನವರು ಅವರಿಗೂ ಕೆಲವೇ ಸೆಕೆಂಡಿನಲ್ಲಿ ಸರ್ಟಿಫಿಕೇಟ್ ಕೊಡ್ತಾರೆ. ಸೊಸೈಟಿಯ ಹೆಸರು, ಬೀಗದ ಚಿತ್ರ, ಎಲ್ಲ ಸರಿಯಾಗಿರುತ್ತೆ. ಕೆಂಪು ತ್ರಿಕೋನ ಬರಲ್ಲ. ಯಾರೂ ಪಾಸ್‌ಬುಕ್ ಹಿಡಿದು ಓಡಿ ಬರಲ್ಲ.

— ಅದು... ಶುರುವಿನಲ್ಲಿ ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಇದ್ದನಲ್ಲ, ಅವನೇ ಅವನ ಕಾರ್ಡಿನಲ್ಲಿ ಕಟ್ಟಿದ್ದ. ಆಮೇಲೆ ನಾವು ದುಡ್ಡು ಕೊಟ್ವಿ ಅವನಿಗೆ.

— ಅವನು ಈಗ ಎಲ್ಲಿದ್ದಾನೆ?

— ಡಬ್ಲಿನ್‌ನಲ್ಲಿ. ಅವನಮ್ಮ ನಮ್ಮ ಸದಸ್ಯರೇ, ನಂಬರ್ ಇದೆ.

— ಫೋನ್ ಮಾಡಿ. ಕಾರ್ಡಿನ ಅವಧಿ ಯಾವಾಗ ಮುಗಿಯುತ್ತೆ ಅಂತ ಮೊದಲು ಕೇಳಿ, ಯೋಗಕ್ಷೇಮ ಆಮೇಲೆ.